ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಿಂದ ನ್ಯೂರೋಎಂಜಿನಿಯರಿಂಗ್ ಸಂಶೋಧನೆಗೆ: ಎಲ್ಲಿಂದ ಹಿಡಿಯಬೇಕು?

ಪ್ರಶ್ನೆ (ಹುಬ್ಬಳ್ಳಿ ಎಂಜಿನಿಯರ್)

ಎಲ್ಲರಿಗೂ ನಮಸ್ಕಾರ. ನಾನು 2020ರಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ, ಆ ವರ್ಷದ ಕೊನೆಯಿಂದ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕೋವಿಡ್ ಕಾಲದಲ್ಲಿ ಸೇರಿದ್ದರಿಂದ ಮೊದಲ ಒಂದೂವರೆ ವರ್ಷ ವೆಂಟಿಲೇಟರು, ಆಕ್ಸಿಜನ್ ಲೈನು, ಸಿರಿಂಜ್ ಪಂಪುಗಳ ಹಿಂದೆ ಓಡುವುದರಲ್ಲೇ ಕಳೆದುಹೋಯಿತು. ಈಗಿನ ದಿನಚರಿಯೂ ಬಹಳ ಬೇರೆಯೇನಲ್ಲ. ಬೆಳಿಗ್ಗೆ ಐಸಿಯು ರೌಂಡ್ಸ್, ಆಮೇಲೆ ಬ್ರೇಕ್‌ಡೌನ್ ಕಾಲ್‌ಗಳು, ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ತೆಗೆದುಕೊಂಡವರ ಬೆನ್ನು ಹತ್ತುವುದು, ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಆಡಿಟ್ ಹತ್ತಿರ ಬಂದಾಗ ಕ್ಯಾಲಿಬ್ರೇಷನ್ ಸ್ಟಿಕ್ಕರುಗಳ ದಿನಾಂಕ ನೋಡುತ್ತ ವಾರ್ಡಿನಿಂದ ವಾರ್ಡಿಗೆ ತಿರುಗುವುದು.

ಎರಡು ವರ್ಷದ ಹಿಂದೆ ಇಇಜಿ (ತಲೆಯ ಮೇಲಿನಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ) ಕೋಣೆಯಿಂದ ಒಂದು ದೂರು ಬಂತು. ಮಧ್ಯಾಹ್ನದ ಹೊತ್ತು ಎಲ್ಲ ಚಾನೆಲ್‌ಗಳ ಗೆರೆಗಳೂ ದಪ್ಪವಾಗಿ, ಡಾಕ್ಟರಿಗೆ ಏನೂ ಓದಲಾಗುತ್ತಿರಲಿಲ್ಲ. ಯಂತ್ರ ಮಾರಿದವರು ಬಂದು ನೋಡಿ, ಹೆಡ್‌ಬಾಕ್ಸ್ ಬದಲಿಸಬೇಕೆಂದು ಕೊಟೇಷನ್ ಕೊಟ್ಟು ಹೋಗಿದ್ದರು. ನಾನು ಮೂರು ದಿನ ಆ ಕೋಣೆಯಲ್ಲಿಯೇ ಕುಳಿತು ನೋಡಿದ ಮೇಲೆ ಗೊತ್ತಾದದ್ದು ಇಷ್ಟು: ಪಕ್ಕದ ಕೋಣೆಯ ಆಟೋಕ್ಲೇವ್ ಮಧ್ಯಾಹ್ನ ಶುರುವಾಗುತ್ತಿತ್ತು, ಎರಡಕ್ಕೂ ಇದ್ದದ್ದು ಒಂದೇ ಅರ್ಥಿಂಗ್. ಇಇಜಿಗೆ ಬೇರೆ ಅರ್ಥಿಂಗ್ ಎಳೆಸಿದ ಮೇಲೆ ಗೆರೆಗಳು ತೆಳುವಾದವು.

ಅದನ್ನು ಖಚಿತಪಡಿಸಿಕೊಳ್ಳಲು ನಿಂತಿದ್ದಾಗ ಏಳು ವರ್ಷದ ಒಂದು ಹುಡುಗಿಯ ರೆಕಾರ್ಡಿಂಗ್ ನಡೆಯುತ್ತಿತ್ತು. ಟೆಕ್ನಿಷಿಯನ್ ಅವಳ ಕೈಗೆ ಕಾಗದದ ಗಿರಗಿಟ್ಟಲೆ ಕೊಟ್ಟು ಜೋರಾಗಿ ಊದುತ್ತಿರಲು ಹೇಳಿದ್ದರು. ಎರಡು ನಿಮಿಷ ಊದಿದ ಮೇಲೆ ಪರದೆಯ ತುಂಬ ಒಮ್ಮೆಲೇ ದೊಡ್ಡ ಅಲೆಗಳು ಎದ್ದವು, ಸೆಕೆಂಡಿಗೆ ಮೂರರಂತೆ, ಚೂಪು ಮೊನೆ ಮತ್ತು ಅಗಲ ಅಲೆ ಜೊತೆಜೊತೆಯಾಗಿ. ಅದೇ ಕ್ಷಣಕ್ಕೆ ಗಿರಗಿಟ್ಟಲೆ ನಿಂತಿತು, ಹುಡುಗಿಯ ಕಣ್ಣು ಎಲ್ಲೋ ನೆಟ್ಟುಕೊಂಡಿತು. ಹತ್ತು ಸೆಕೆಂಡಿನ ನಂತರ ಅಲೆಗಳು ನಿಂತವು. ಅವಳು ಏನೂ ಆಗದವಳಂತೆ ಮತ್ತೆ ಊದತೊಡಗಿದಳು. ಅದು ಮೂರ್ಛೆರೋಗದ ಒಂದು ಬಗೆ. ಆ ದಿನದಿಂದ ಯಂತ್ರವನ್ನು ಸರಿಮಾಡುವುದಕ್ಕಿಂತ ಆ ಅಲೆಗಳು ಎಲ್ಲಿಂದ ಬಂದವು, ಅವನ್ನು ಮೊದಲೇ ಗುರುತಿಸಬಹುದೇ, ತಡೆಯಬಹುದೇ ಎಂಬ ಪ್ರಶ್ನೆ ತಲೆಯಲ್ಲಿ ಕುಳಿತಿದೆ. ಓದುತ್ತ ಹೋದಂತೆ ಇದಕ್ಕೆ ನ್ಯೂರೋಎಂಜಿನಿಯರಿಂಗ್ ಎಂಬ ಹೆಸರಿದೆ ಎಂದು ತಿಳಿಯಿತು.

ತಿಳಿದವರಲ್ಲಿ ನನ್ನ ಪ್ರಶ್ನೆಗಳು ಇವು. ಈ ವಯಸ್ಸಿನಲ್ಲಿ, ಕಾಲೇಜಿನಲ್ಲಿ ಕಲಿತ ಗಣಿತ ಅರ್ಧ ಮರೆತಿರುವಾಗ, ಸಂಶೋಧನೆಗೆ ಹೋಗುವುದು ಸಾಧ್ಯವೇ? ಮೊದಲು ಎಂ.ಟೆಕ್. ಮಾಡಬೇಕೇ, ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೇ? ಪಿಯುಸಿಯ ನಂತರ ಜೀವಶಾಸ್ತ್ರವನ್ನು ಮುಟ್ಟದವನಿಗೆ ಎಷ್ಟು ಜೀವಶಾಸ್ತ್ರ ಬೇಕು? ಸದ್ಯ ತಿಂಗಳಿಗೆ 32,000 ರೂಪಾಯಿ ಸಂಬಳವಿದೆ, ಮನೆ ಸಾಲದ ಕಂತಿನ ಒಂದು ಭಾಗ ನನ್ನ ಮೇಲಿದೆ. ಹೀಗಾಗಿ ಹಣದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಬೆಂಗಳೂರಿನ ಸಂಶೋಧನಾರ್ಥಿ)

ನಮಸ್ಕಾರ. ನಾನು ನಿಮ್ಮಂತೆಯೇ ಬಿ.ಇ. ಮುಗಿಸಿ, ಮೂರು ವರ್ಷ ಕೆಲಸ ಮಾಡಿ, ಆಮೇಲೆ ಪಿಎಚ್.ಡಿ.ಗೆ ಬಂದವನು, ಈಗ ನಾಲ್ಕನೆಯ ವರ್ಷ. ನಿಮ್ಮ ಪ್ರಶ್ನೆಗಳ ಕ್ರಮವನ್ನು ಸ್ವಲ್ಪ ತಿರುಗಿಸಿ ಉತ್ತರಿಸುತ್ತೇನೆ, ಏಕೆಂದರೆ ಎಂ.ಟೆಕ್. ಅಥವಾ ಪಿಎಚ್.ಡಿ. ಎಂಬುದು ಎರಡನೆಯ ಪ್ರಶ್ನೆ. ನ್ಯೂರೋಎಂಜಿನಿಯರಿಂಗ್ ಎಂಬ ಒಂದು ಪದದೊಳಗೆ ಪರಸ್ಪರ ಹೆಚ್ಚು ಮಾತನಾಡದ ಮೂರು ಕಸುಬುಗಳಿವೆ, ಅವುಗಳಲ್ಲಿ ನಿಮಗೆ ಬೇಕಾದದ್ದು ಯಾವುದೆಂಬುದು ಮೊದಲನೆಯ ಪ್ರಶ್ನೆ.

ಮೊದಲನೆಯದು ದಾಖಲಿಸುವ ಕಸುಬು. 1924ರಲ್ಲಿ ಜರ್ಮನಿಯ ಯೇನಾದಲ್ಲಿ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ತಲೆಯಿಂದ ಮೊದಲ ಬಾರಿ ವಿದ್ಯುತ್ ಅಲೆಗಳನ್ನು ದಾಖಲಿಸಿದಾಗಿನಿಂದ ಇಂದಿನವರೆಗೆ ಅದರ ತೊಂದರೆ ಒಂದೇ: ಬೇಕಾದ ಸಂಕೇತ ಕೆಲವೇ ಹತ್ತು ಮೈಕ್ರೋವೋಲ್ಟ್, ಸುತ್ತಲಿನ ಗದ್ದಲ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ತಲೆಯ ಮೇಲಿನ ಇಇಜಿಯಿಂದ ಹಿಡಿದು, ಮಿದುಳಿನೊಳಗೆ ನೆಡುವ, 4 ಮಿ.ಮೀ. ಚದರದಲ್ಲಿ ನೂರು ಸೂಜಿಗಳಿರುವ ಯೂಟಾ ಅರೇಯವರೆಗೆ, ಮತ್ತು 2017ರಲ್ಲಿ ಬಂದ, ಒಂದೇ ಕಡ್ಡಿಯ ಮೇಲೆ 960 ಜಾಗಗಳಿದ್ದು ಒಮ್ಮೆಗೆ 384ರಿಂದ ಓದಬಲ್ಲ ನ್ಯೂರೋಪಿಕ್ಸೆಲ್ಸ್‌ವರೆಗೆ ಎಲ್ಲವೂ ಈ ಗುಂಪಿಗೆ ಸೇರುತ್ತವೆ.

ಎರಡನೆಯದು ಬಿಡಿಸಿ ಓದುವ ಕಸುಬು. ಮಿದುಳಿನ ಸಂಕೇತದಿಂದ ಕಂಪ್ಯೂಟರನ್ನು ನಡೆಸುವ ಮಾತನ್ನು ಝಾಕ್ ವಿಡಾಲ್ ಎಂಬವರು 1973ರಲ್ಲೇ ಬರೆದಿದ್ದರು. ಕುತ್ತಿಗೆಯ ಕೆಳಗೆ ಸ್ವಾಧೀನ ತಪ್ಪಿದ್ದ ಯುವಕನೊಬ್ಬನ ಮಿದುಳಿನಲ್ಲಿ 2004ರಲ್ಲಿ ಬ್ರೈನ್‌ಗೇಟ್ ತಂಡವು ಎಲೆಕ್ಟ್ರೋಡುಗಳನ್ನು ನೆಟ್ಟಿತು. ಆತ ಪರದೆಯ ಮೇಲಿನ ಕರ್ಸರನ್ನು ಬರೀ ಯೋಚನೆಯಿಂದ ಸರಿಸಿದ ವರದಿ ಪ್ರಕಟವಾದದ್ದು 2006ರಲ್ಲಿ. 2023ರ ಹೊತ್ತಿಗೆ ಮಾತು ಕಳೆದುಕೊಂಡ ರೋಗಿಯ ಮಿದುಳಿನಿಂದ ನಿಮಿಷಕ್ಕೆ 62 ಪದಗಳನ್ನು ಓದುವ ಮಟ್ಟಕ್ಕೆ ಇದು ಬಂದಿದೆ. ಈ ಕಸುಬಿನಲ್ಲಿ ಗಣಿತ ಮತ್ತು ಪ್ರೋಗ್ರಾಮಿಂಗ್ ಹೆಚ್ಚು, ಬೆಸುಗೆ ಕಡ್ಡಿ ಕಡಿಮೆ.

ಮೂರನೆಯದು ಪ್ರಚೋದಿಸುವ ಕಸುಬು, ಅಂದರೆ ನರಗಳಿಗೆ ವಿದ್ಯುತ್ತನ್ನು ಕೊಡುವುದು. ಕಿವುಡರಿಗೆ ಕಿವಿಯೊಳಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್, ಪಾರ್ಕಿನ್ಸನ್ ರೋಗಿಗಳಿಗೆ ಹಾಕುವ ಡಿಬಿಎಸ್ (ಮಿದುಳಿನ ಆಳದ ಪ್ರಚೋದಕ) ಎರಡೂ ಇಲ್ಲಿಯವೇ. ಇದನ್ನು ಬಲ್ಲವರು ಈ ಚರ್ಚೆಯಲ್ಲಿ ಇದ್ದಾರೆ, ಅವರೇ ಬರೆಯಲಿ.

ನೀವು ಬರೆದದ್ದನ್ನು ಓದಿದರೆ ನಿಮ್ಮನ್ನು ಕಾಡುತ್ತಿರುವುದು ಮೊದಲ ಎರಡು. ಅರ್ಥಿಂಗ್ ದೋಷ ಹುಡುಕಲು ಮೂರು ದಿನ ಕುಳಿತದ್ದನ್ನು ನೀವು ಬರೀ ಪೀಠಿಕೆಯಾಗಿ ಹೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಅರ್ಜಿಯ ಅತ್ಯಂತ ಗಟ್ಟಿಯಾದ ಭಾಗ ಅದೇ. ನಮ್ಮ ಲ್ಯಾಬಿಗೆ ಬರುವ ಹೊಸಬರಲ್ಲಿ ಹೆಚ್ಚಿನವರಿಗೆ ಅಲ್ಗಾರಿದಮ್‌ಗಳ ಹೆಸರು ಬಾಯಿಪಾಠವಿರುತ್ತದೆ, ಆದರೆ ಎಲೆಕ್ಟ್ರೋಡಿನ ಇಂಪೀಡೆನ್ಸ್ (ಚರ್ಮದೊಡನೆ ಇರುವ ವಿದ್ಯುತ್ ತಡೆ) 5 ಕಿಲೋಓಮ್‌ನ ಒಳಗೆ ಬರುವವರೆಗೆ ತಾಳ್ಮೆಯಿಂದ ಜೆಲ್ ಹಚ್ಚುತ್ತ ಕೂರುವುದು ಬರುವುದಿಲ್ಲ.

ಇನ್ನು ಪ್ರವೇಶ. ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆ ಇದೆ. ಪರೀಕ್ಷೆ ಫೆಬ್ರವರಿಯಲ್ಲಿ ನಡೆಯುತ್ತದೆ, ಅಂಕಪಟ್ಟಿ ಮೂರು ವರ್ಷ ಊರ್ಜಿತವಾಗಿರುತ್ತದೆ, ವಯಸ್ಸಿನ ಮಿತಿ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಯೋಎಂಜಿನಿಯರಿಂಗ್ ಮತ್ತು ನ್ಯೂರೋಸೈನ್ಸ್ ಎರಡೂ ಕಡೆ ಎಂಜಿನಿಯರುಗಳು ಸಂಶೋಧನೆ ಮಾಡುತ್ತಿದ್ದಾರೆ. ನಾಲ್ಕು ವರ್ಷದ ಬಿ.ಇ. ಮತ್ತು ರಾಷ್ಟ್ರೀಯ ಮಟ್ಟದ ಪರೀಕ್ಷೆಯ ಅರ್ಹತೆ ಇದ್ದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಮುಂಬಯಿ, ಮದ್ರಾಸ್, ಹೈದರಾಬಾದ್ ಐಐಟಿಗಳಲ್ಲಿಯೂ ಇದಕ್ಕೆ ಜಾಗವಿದೆ. ನಿಮ್ಮಂತಹ ಆಸ್ಪತ್ರೆಯ ಹಿನ್ನೆಲೆಯವರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯನ್ನು ಮರೆಯಬಾರದು: ಅಲ್ಲಿ ಆಸ್ಪತ್ರೆ ಮತ್ತು ಉಪಕರಣ ತಯಾರಿಸುವ ವಿಭಾಗ ಒಂದೇ ಸಂಸ್ಥೆಯ ಎರಡು ಕೈಗಳು. ನಿಮ್ಹಾನ್ಸ್‌ನಲ್ಲಿ ರೋಗಿಗಳಿಗೆ ಅತ್ಯಂತ ಹತ್ತಿರದ ಸಂಶೋಧನೆ ನಡೆಯುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನವನ್ನು ನಡೆಸುತ್ತಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ಕನ್ನಡದಲ್ಲಿ ಹಳ್ಳಿಯವರೊಡನೆ ಮಾತನಾಡಬಲ್ಲ ಎಂಜಿನಿಯರಿಗೆ ಅಂಥ ಕಡೆ ಇರುವ ಬೆಲೆಯನ್ನು ಹೊರಗಿನವರು ಊಹಿಸಲಾರರು.

ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂದು ಎಲ್ಲರೂ ಕೇಳುವುದರಿಂದ ನನ್ನ ಅನುಭವ ಹೇಳುತ್ತೇನೆ. ನರಕೋಶದ ಪೊರೆಯನ್ನು ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಆಗಿ ಬರೆಯಲು ಹೇಳಿದರು. ಬರೆದೆ. ಒಂದು ಚದರ ಸೆಂಟಿಮೀಟರಿಗೆ 1 ಮೈಕ್ರೋಫ್ಯಾರಡ್, ರೋಧ 10 ಕಿಲೋಓಮ್ ಎಂದಿಟ್ಟುಕೊಂಡರೆ ಟೈಮ್ ಕಾನ್‌ಸ್ಟೆಂಟ್ (ವೋಲ್ಟೇಜ್ ಬದಲಾಗಲು ಹಿಡಿಯುವ ಸಮಯದ ಅಳತೆ) ಎಷ್ಟು ಎಂದರು. 10 ಮಿಲಿಸೆಕೆಂಡ್ ಎಂದೆ. ಹಾಗಾದರೆ ನರಕೋಶದ ಸ್ಪೈಕ್ (ಕ್ಷಣಿಕ ವಿದ್ಯುತ್ ಮಿಡಿತ) ಒಂದೇ ಮಿಲಿಸೆಕೆಂಡಿನಲ್ಲಿ ಹೇಗೆ ಮುಗಿಯುತ್ತದೆ ಎಂದು ಕೇಳಿದಾಗ ನಾನು ಪೂರ್ತಿ ಎರಡು ನಿಮಿಷ ಬೋರ್ಡಿನ ಎದುರು ಸುಮ್ಮನೆ ನಿಂತಿದ್ದೆ. ಸೋಡಿಯಂ ಚಾನೆಲ್‌ಗಳು ತೆರೆದಾಗ ರೋಧವೇ ಕುಸಿಯುತ್ತದೆ, ರೋಧ ಕುಸಿದರೆ ಟೈಮ್ ಕಾನ್‌ಸ್ಟೆಂಟ್ ಕೂಡ ಕುಸಿಯುತ್ತದೆ ಎಂಬುದು ಉತ್ತರ. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಅಳೆದು ಸಮೀಕರಣಗಳಾಗಿ ಬರೆದದ್ದು ಇದನ್ನೇ. ನಿಮಗೆ ಎಷ್ಟು ಜೀವಶಾಸ್ತ್ರ ಬೇಕು ಎಂಬ ಪ್ರಶ್ನೆಗೆ ಈ ಸಂದರ್ಶನವೇ ಅಳತೆಗೋಲು. ದೇಹದ ಎಲ್ಲ ಸ್ನಾಯುಗಳ ಹೆಸರು ಬೇಕಿಲ್ಲ. ಪೊರೆ, ಅಯಾನು, ಸಿನಾಪ್ಸ್, ಮಿದುಳಿನ ಮುಖ್ಯ ಭಾಗಗಳ ಕೆಲಸ ಇಷ್ಟನ್ನು ಸರ್ಕ್ಯೂಟ್ ಓದಿದಷ್ಟೇ ಗಂಭೀರವಾಗಿ ಓದಬೇಕು. ಗಣಿತದಲ್ಲಿ ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ, ಫೂರಿಯೆ ಈ ಮೂರು ಕೈವಶವಿದ್ದರೆ ಉಳಿದದ್ದನ್ನು ಹೋಗುತ್ತ ಕಲಿಯಬಹುದು.

ಹಣದ ವಿಷಯ. ಪಿಎಚ್.ಡಿ. ಮಾಡುವವರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ಪಿನ ಮೊತ್ತವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಿದರು. ಎರಡು ವರ್ಷದ ನಂತರ ಅದು 42,000. ನಿಮ್ಮ ಈಗಿನ ಸಂಬಳಕ್ಕಿಂತ ಹೆಚ್ಚು ಎಂದು ನಾನು ಬರೆಯಬೇಕಾಗಿ ಬಂದಿರುವುದು ಫೆಲೋಶಿಪ್ಪಿನ ಹೆಚ್ಚುಗಾರಿಕೆಯಲ್ಲ, ಆಸ್ಪತ್ರೆಗಳು ಬಯೋಮೆಡಿಕಲ್ ಎಂಜಿನಿಯರಿಗೆ ಕೊಡುವ ಸಂಬಳದ ದುಃಸ್ಥಿತಿ. ಆದರೆ ಗೇಟ್ ಮೂಲಕ ಎಂ.ಟೆಕ್.ಗೆ ಹೋದರೆ ಸಿಗುವುದು ತಿಂಗಳಿಗೆ 12,400 ಮಾತ್ರ. ಸಾಲದ ಕಂತು ಇರುವವರಿಗೆ ಈ ವ್ಯತ್ಯಾಸವೇ ನಿರ್ಣಾಯಕವಾಗಬಹುದು. ಇನ್ನೊಂದು ಮಾತನ್ನು ಯಾವ ಮಾಹಿತಿ ಪುಸ್ತಿಕೆಯೂ ಹೇಳುವುದಿಲ್ಲ: ಫೆಲೋಶಿಪ್ ಹಣ ಒಂದನೇ ತಾರೀಖಿಗೆ ಬರುವ ಸಂಬಳವಲ್ಲ. ನನಗೆ ಒಮ್ಮೆ ನಾಲ್ಕು ತಿಂಗಳು ಬರಲಿಲ್ಲ, ಆಮೇಲೆ ಒಟ್ಟಿಗೆ ಬಂತು. ಕೈಯಲ್ಲಿ ಆರು ತಿಂಗಳ ಖರ್ಚಿನಷ್ಟು ಉಳಿತಾಯ ಇಲ್ಲದೆ ರಾಜೀನಾಮೆ ಕೊಡಬೇಡಿ.

ಉತ್ತರ 2 (ಉಪಕರಣ ತಯಾರಿಕೆಯವ)

ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಸಂಶೋಧನೆ ಎಂದರೆ ಪಿಎಚ್.ಡಿ. ಎಂದೇ ಹಿಡಿದು ಬರೆದಿದ್ದಾರೆ. ನಾನು ಹದಿನೈದು ವರ್ಷದಿಂದ ವೈದ್ಯಕೀಯ ಉಪಕರಣಗಳ ವಿನ್ಯಾಸದಲ್ಲಿದ್ದೇನೆ, ಕೊನೆಯ ಆರು ವರ್ಷ ನರ ಪ್ರಚೋದಕಗಳ ಮೇಲೆ. ನನಗೆ ಪಿಎಚ್.ಡಿ. ಇಲ್ಲ.

ಪ್ರಚೋದನೆಯ ಕಸುಬಿನಲ್ಲಿ ಆಸ್ಪತ್ರೆಯ ಎಂಜಿನಿಯರಿಗೆ ಇರುವ ಅನುಕೂಲವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನೀವು ಸೇಫ್ಟಿ ಅನಲೈಜರ್ ಹಿಡಿದು ಲೀಕೇಜ್ ಕರೆಂಟ್ ಅಳೆದಿರುತ್ತೀರಿ. ಹೃದಯಕ್ಕೆ ನೇರ ತಾಗಬಹುದಾದ ಸಿಎಫ್ ವರ್ಗದ ಉಪಕರಣದಿಂದ ರೋಗಿಗೆ ಹರಿಯುವ ಸೋರಿಕೆ ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್ ಮೀರಬಾರದು, ಒಂದು ದೋಷ ಉಂಟಾದಾಗಲೂ 50 ಮೀರಬಾರದು ಎಂಬುದು ನಿಮಗೆ ನಿತ್ಯದ ಮಾತು. ಈಗ ಡಿಬಿಎಸ್ ನೋಡಿ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಮತ್ತು ಸಂಗಡಿಗರು ಮಿದುಳಿನ ಆಳದಲ್ಲಿ ವೇಗವಾಗಿ ಪ್ರಚೋದಿಸಿದರೆ ನಡುಕ ನಿಲ್ಲುತ್ತದೆ ಎಂದು ತೋರಿಸಿದ ನಂತರ ಬೆಳೆದ ಚಿಕಿತ್ಸೆ ಅದು. ರೂಢಿಯಲ್ಲಿ ಸೆಕೆಂಡಿಗೆ 130 ಪಲ್ಸ್, ಪ್ರತಿಯೊಂದೂ 60 ಮೈಕ್ರೋಸೆಕೆಂಡ್ ಅಗಲ. ಕರೆಂಟ್ 3 ಮಿಲಿಆಂಪಿಯರ್ ಎಂದುಕೊಳ್ಳಿ. ಒಂದು ಪಲ್ಸಿನಲ್ಲಿ ಹೋಗುವ ಚಾರ್ಜ್ 0.18 ಮೈಕ್ರೋಕೂಲಂ. ಎಲೆಕ್ಟ್ರೋಡಿನ ಒಂದು ಉಂಗುರದ ಮೇಲ್ಮೈ ಸುಮಾರು 0.06 ಚದರ ಸೆಂ.ಮೀ.; ಭಾಗಿಸಿದರೆ ಚದರ ಸೆಂಟಿಮೀಟರಿಗೆ 3 ಮೈಕ್ರೋಕೂಲಂ. ಇದಕ್ಕೆ ಪಾಲಿಸುವ ಮಿತಿ 30. ಅಂದರೆ ಹತ್ತು ಪಟ್ಟು ಅಂತರ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೇವೆ. ಒಳಕ್ಕೆ ಹೋದ ಚಾರ್ಜನ್ನು ಅಷ್ಟೇ ಪ್ರಮಾಣದಲ್ಲಿ ತಿರುಗಿ ಎಳೆದುಕೊಳ್ಳದಿದ್ದರೆ ಎಲೆಕ್ಟ್ರೋಡಿನ ಬಳಿ ರಾಸಾಯನಿಕ ಕ್ರಿಯೆ ನಡೆದು ಮಿದುಳಿನ ಕೋಶ ಸುಡುತ್ತದೆ, ಆದ್ದರಿಂದಲೇ ಪ್ರತಿ ಪಲ್ಸಿಗೂ ಒಂದು ಮರುಪಲ್ಸ್ ಇರುತ್ತದೆ. ಇಷ್ಟು ಲೆಕ್ಕ ನಿಮಗೆ ಅರ್ಥವಾಗಿದ್ದರೆ ನೀವು ಈಗಾಗಲೇ ಅರ್ಧ ಒಳಗೆ ಬಂದಿದ್ದೀರಿ.

ಕೆಲಸದ ಉಳಿದರ್ಧ ನ್ಯೂರೋಸೈನ್ಸೇ ಅಲ್ಲ. ದೇಹದೊಳಗೆ ಎಂದರೆ ಬೆಚ್ಚಗಿನ ಉಪ್ಪುನೀರಿನಲ್ಲಿ. ಅಲ್ಲಿ ಹತ್ತು ವರ್ಷ ಮುಳುಗಿರುವ ರೇಡಿಯೋವನ್ನು ತೇವ ಒಳಸೇರದಂತೆ ಮುಚ್ಚುವುದು ಹೇಗೆ ಎಂಬುದರ ಮೇಲೆ ಇಡೀ ತಂಡಗಳು ವರ್ಷಗಟ್ಟಲೆ ಕೂರುತ್ತವೆ. ಈ ಕ್ಷೇತ್ರದ ಬಗ್ಗೆ ಪತ್ರಿಕೆಯಲ್ಲಿ ಬರುವುದು 2024ರ ಜನವರಿಯಲ್ಲಿ ಮನುಷ್ಯನಿಗೆ ಮೊದಲ ಬಾರಿ ಹಾಕಿದ ನ್ಯೂರಾಲಿಂಕ್‌ನ 1,024 ಎಲೆಕ್ಟ್ರೋಡುಗಳ ಸುದ್ದಿ. ನಮ್ಮ ದಿನ ಕಳೆಯುವುದು ಮುಚ್ಚಳದ ಬೆಸುಗೆಯಲ್ಲಿ.

ನನ್ನ ಸಲಹೆ ಇಷ್ಟೇ. ಮೊದಲು ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ಒಂದು ವರ್ಷ ಸೇರಿ. ಸಂಸ್ಥೆಗಳ ವೆಬ್‌ಸೈಟಿನಲ್ಲಿ ಜಾಹೀರಾತುಗಳು ಬರುತ್ತಲೇ ಇರುತ್ತವೆ. ಕೆಲಸ ಗುತ್ತಿಗೆಯದು, ಪ್ರಾಜೆಕ್ಟ್ ಮುಗಿದರೆ ಮುಗಿಯಿತು. ಅದನ್ನು ತಿಳಿದೇ ಹೋಗಿ. ಆ ವರ್ಷದಲ್ಲಿ ನಿಮಗೆ ಐದಾರು ವರ್ಷ ಇದನ್ನೇ ಮಾಡುವ ಮನಸ್ಸಿದೆಯೇ ಎಂಬುದು ಗೊತ್ತಾಗುತ್ತದೆ, ಲ್ಯಾಬಿನವರಿಗೂ ನೀವು ಗೊತ್ತಾಗುತ್ತೀರಿ. ಪಿಎಚ್.ಡಿ. ಸೇರಿ ಎರಡನೇ ವರ್ಷಕ್ಕೆ ಬಿಟ್ಟು ಬಂದವರನ್ನು ನಾನು ಕೆಲಸಕ್ಕೆ ತೆಗೆದುಕೊಂಡಿದ್ದೇನೆ. ಅವರಲ್ಲಿ ಯಾರೂ ದಡ್ಡರಲ್ಲ. ಕ್ಷೇತ್ರದ ಹೆಸರಿಗೆ ಮನಸೋತು, ದಿನದ ಕೆಲಸ ಹೇಗಿರುತ್ತದೆಂದು ನೋಡದೆ ಹೋದವರು, ಅಷ್ಟೇ.

ಕಾಕ್ಲಿಯರ್ ಇಂಪ್ಲಾಂಟ್ ಕಡೆಗೆ ಒಲವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ. ಇಂಪ್ಲಾಂಟ್ ಹಾಕಿಸಿಕೊಂಡ ಮಗುವಿಗೆ ಆಡಿಯಾಲಜಿಸ್ಟರು ಮ್ಯಾಪಿಂಗ್ ಮಾಡುವುದನ್ನು, ಒಂದೊಂದೇ ಎಲೆಕ್ಟ್ರೋಡಿಗೆ ಎಷ್ಟು ಕರೆಂಟ್ ಕೊಟ್ಟರೆ ಮಗು ತಿರುಗಿ ನೋಡುತ್ತದೆ ಎಂದು ಹುಡುಕುವುದನ್ನು ಕಣ್ಣಾರೆ ಕಂಡರೆ, ಪ್ರಚೋದನೆಯ ಗಣಿತ ಎಲ್ಲಿ ಸಾಲದಾಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಉತ್ತರ 3 (ಮ್ಯೂನಿಕ್‌ನಿಂದ)

ವಿದೇಶದ ದಾರಿಯ ಬಗ್ಗೆ ಯಾರೂ ಬರೆಯದ ಕಾರಣ ಚಿಕ್ಕದಾಗಿ ಬರೆಯುತ್ತೇನೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನ್ಯೂರೋಎಂಜಿನಿಯರಿಂಗ್ ಹೆಸರಿನಲ್ಲಿಯೇ ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಕೋರ್ಸ್ ಇದೆ. ಜರ್ಮನಿಯಲ್ಲಿ ಶುಲ್ಕವೇ ಇಲ್ಲ ಎಂದು ಏಜೆಂಟರು ಹೇಳುವುದನ್ನು ನಂಬಬೇಡಿ. ಈ ವಿಶ್ವವಿದ್ಯಾಲಯವು 2024ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿನ ಒಕ್ಕೂಟದ ಹೊರಗಿನ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ವಿಧಿಸಿದೆ. ಅದರ ಮೇಲೆ ವೀಸಾಕ್ಕಾಗಿ ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು; 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಮನೆ ಸಾಲ ಇರುವವರು ಇನ್ನೊಂದು ಸಾಲ ಮಾಡಿ ಇಲ್ಲಿಗೆ ಬರುವುದನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಅಮೆರಿಕದಲ್ಲಿ ಬಿ.ಇ. ನಂತರ ನೇರ ಪಿಎಚ್.ಡಿ.ಗೆ ಸೇರಿದರೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ಸ್ಟೈಪೆಂಡ್ ಸಿಗುತ್ತದೆ. ಆದರೆ ಸಂಶೋಧನಾ ಅನುಭವ ಮತ್ತು ನಿಮ್ಮನ್ನು ಹತ್ತಿರದಿಂದ ಬಲ್ಲ ಇಬ್ಬರು ಮೂವರು ಮಾರ್ಗದರ್ಶಕರ ಪತ್ರಗಳಿಲ್ಲದೆ ಅದು ಕಷ್ಟ. ಎರಡನೆಯ ಉತ್ತರದಲ್ಲಿ ಹೇಳಿದ ಒಂದು ವರ್ಷದ ಲ್ಯಾಬ್ ಕೆಲಸ ಇಲ್ಲಿಯೂ ಬೇಕಾಗುತ್ತದೆ.

ಉತ್ತರ 4 (ಡೇಟಾ ಪರೀಕ್ಷಕಿ)

ಸರ್, ಕೆಲಸ ಬಿಡುವ ಮೊದಲು ಮನೆಯಲ್ಲಿ ಕುಳಿತೇ ಮಾಡಬಹುದಾದದ್ದು ಬಹಳ ಇದೆ. ಫಿಸಿಯೋನೆಟ್ ತಾಣದಲ್ಲಿ 109 ಜನರಿಂದ 64 ಚಾನೆಲ್‌ಗಳಲ್ಲಿ ದಾಖಲಿಸಿದ ಇಇಜಿ ಸಂಗ್ರಹವೊಂದು ಉಚಿತವಾಗಿ ಸಿಗುತ್ತದೆ. ಪ್ರತಿಯೊಬ್ಬರಿಗೂ 14 ಓಟಗಳಿವೆ, ಅಂದರೆ ದಾಖಲಿಸಿದ ಸುತ್ತುಗಳು. ಮೊದಲನೆಯದು ಕಣ್ಣು ತೆರೆದು, ಎರಡನೆಯದು ಕಣ್ಣು ಮುಚ್ಚಿ, ಉಳಿದವು ಕೈ ಕಾಲು ಆಡಿಸುತ್ತ ಅಥವಾ ಆಡಿಸಿದಂತೆ ಕಲ್ಪಿಸಿಕೊಳ್ಳುತ್ತ. ಎಂಎನ್‌ಇ ಪೈಥಾನ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ತೆರೆಯಬಹುದು.

ನಾನು ಈ ಕ್ಷೇತ್ರಕ್ಕೆ ಬಂದ ಮೊದಲ ವರ್ಷ ಮಾಡಿದ ತಪ್ಪನ್ನು ಹೇಳುತ್ತೇನೆ, ನೀವು ಮಾಡಬೇಡಿ. ಎಡಗೈ, ಬಲಗೈ ಕಲ್ಪನೆಯ ಸಂಕೇತಗಳನ್ನು ಎರಡೆರಡು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿದೆ. ತುಂಡುಗಳು ಹೆಚ್ಚು ಸಿಗಲೆಂದು ಒಂದರ ಮೇಲೊಂದು ಅರ್ಧ ಹೊಂದುವಂತೆ ಕತ್ತರಿಸಿ, ಎಲ್ಲವನ್ನೂ ಕಲಸಿ, ಐದರಲ್ಲಿ ನಾಲ್ಕು ಪಾಲನ್ನು ಕಲಿಕೆಗೆ, ಒಂದು ಪಾಲನ್ನು ಪರೀಕ್ಷೆಗೆ ಇಟ್ಟೆ. ನಿಖರತೆ ಶೇಕಡಾ ತೊಂಬತ್ತು ದಾಟಿತು. ಆ ಸಂತೋಷದಲ್ಲಿ ಗೈಡ್ ಹತ್ತಿರ ಹೋದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಪರೀಕ್ಷೆಗೆ ಇಟ್ಟ ತುಂಡಿನ ಅರ್ಧ ಭಾಗ ಕಲಿಕೆಯ ತುಂಡಿನಲ್ಲಿ ಇತ್ತೋ ಇಲ್ಲವೋ? ಇತ್ತು. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು ಪರೀಕ್ಷೆ ನಡೆಸಿದಂತಾಗಿತ್ತು. ಕೆಲವರನ್ನು ಪೂರ್ತಿಯಾಗಿ ಹೊರಗಿಟ್ಟು, ಅವರ ಮೇಲೆ ಮಾತ್ರ ಪರೀಕ್ಷಿಸಿದಾಗ ಫಲಿತಾಂಶ ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪವೇ ಮೇಲಿತ್ತು. ಪ್ರಕಟವಾದ ಲೇಖನಗಳಲ್ಲಿ ಕೂಡ ಈ ಸೋರಿಕೆ ಅಪರೂಪವಲ್ಲ, ಆದ್ದರಿಂದ ಶೇಕಡಾ 99 ಎಂಬ ಅಂಕಿ ಕಂಡಾಗ ಮೊದಲು ಡೇಟಾವನ್ನು ಹೇಗೆ ವಿಂಗಡಿಸಿದ್ದಾರೆಂದು ನೋಡಿ.

ಇನ್ನೊಂದು ವಿಷಯ. ನಿಮ್ಮ ಆಸ್ಪತ್ರೆಯ ಇಇಜಿ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ತರುವ ಆಸೆ ಬರುತ್ತದೆ. ದಯವಿಟ್ಟು ಬೇಡ. ರೋಗಿಯ ಒಪ್ಪಿಗೆ ಮತ್ತು ನೀತಿ ಸಮಿತಿಯ ಅನುಮತಿ ಇಲ್ಲದ ಡೇಟಾದಿಂದ ಮಾಡಿದ ಕೆಲಸ ಎಷ್ಟೇ ಚೆನ್ನಾಗಿದ್ದರೂ ಅದನ್ನು ಎಲ್ಲಿಯೂ ತೋರಿಸಲಾಗುವುದಿಲ್ಲ, ನೌಕರಿಗೂ ಕುತ್ತು.

ಮರುಪ್ರಶ್ನೆ (ಹುಬ್ಬಳ್ಳಿ ಎಂಜಿನಿಯರ್)

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಉತ್ತರಿಸಲು ಐದು ವಾರ ತೆಗೆದುಕೊಂಡದ್ದಕ್ಕೆ ಕ್ಷಮಿಸಿ. ಮೇಡಂ ಹೇಳಿದ ಸಂಗ್ರಹವನ್ನು ಇಳಿಸಿಕೊಂಡು, ನೈಟ್ ಡ್ಯೂಟಿ ಇಲ್ಲದ ರಾತ್ರಿಗಳಲ್ಲಿ ಕುಳಿತು ನೋಡಿದೆ. ಮೊದಲ ವಾರ ಪೈಥಾನ್ ಜೊತೆ ಜಗಳದಲ್ಲೇ ಹೋಯಿತು.

ಎರಡನೇ ವಾರ ಒಂದು ತಮಾಷೆಯಾಯಿತು. ಕೈ ರೂಢಿಯಂತೆ ಮೊದಲು ನಮ್ಮ ಕರೆಂಟಿನ ಗದ್ದಲವನ್ನು ತೆಗೆಯುವ 50 ಹರ್ಟ್ಜ್‌ನ ನಾಚ್ ಫಿಲ್ಟರ್ ಹಾಕಿದೆ. ಸ್ಪೆಕ್ಟ್ರಮ್ ಬಿಡಿಸಿ ನೋಡಿದರೆ ಗದ್ದಲದ ಕಂಬ ಹಾಗೆಯೇ ನಿಂತಿದೆ. ಫಿಲ್ಟರ್ ಕೆಟ್ಟಿದೆಯೆಂದು ಎರಡು ರಾತ್ರಿ ಕೋಡ್ ತಿದ್ದಿದೆ. ಆಮೇಲೆ ಅಡ್ಡ ಅಕ್ಷದ ಅಂಕಿಯನ್ನು ಸರಿಯಾಗಿ ಓದಿದಾಗ ಕಂಬ ಇದ್ದದ್ದು 60ರಲ್ಲಿ, 50ರಲ್ಲಿ ನಾನು ತೋಡಿದ ಗುಂಡಿ ಮಾತ್ರ ಇತ್ತು. ಆ ಡೇಟಾ ದಾಖಲಾದದ್ದು ಅಮೆರಿಕದಲ್ಲಿ, ಅಲ್ಲಿನ ಕರೆಂಟ್ 60 ಹರ್ಟ್ಜ್. ಸ್ಯಾಂಪ್ಲಿಂಗ್ ಸೆಕೆಂಡಿಗೆ 160 ಆದ್ದರಿಂದ 80 ಹರ್ಟ್ಜ್‌ವರೆಗೆ ಮಾತ್ರ ಏನಾದರೂ ಕಾಣುತ್ತದೆ ಎಂಬುದೂ ಆಗಲೇ ಹೊಳೆದದ್ದು.

ನಂತರ ಮೊದಲ ಹತ್ತು ಜನರ ಒಂದನೇ ಮತ್ತು ಎರಡನೇ ಓಟಗಳನ್ನು ಹೋಲಿಸಿದೆ. ತಲೆಯ ಹಿಂಭಾಗದ ಓ1, ಓ2 ಎಲೆಕ್ಟ್ರೋಡುಗಳಲ್ಲಿ, ಕಣ್ಣು ಮುಚ್ಚಿದಾಗ 8ರಿಂದ 13 ಹರ್ಟ್ಜ್ ನಡುವಿನ ಅಲೆ ಏಳುವುದು ಹೆಚ್ಚಿನವರಲ್ಲಿ ಎದ್ದು ಕಂಡಿತು. ಎಲ್ಲರಲ್ಲಿಯೂ ಒಂದೇ ಸಮನಾಗಿಲ್ಲ, ಕೆಲವರಲ್ಲಿ ಅದು ಇದೆಯೋ ಇಲ್ಲವೋ ಎಂಬಷ್ಟು ಕಡಿಮೆ. ಬರ್ಗರ್ ನೂರು ವರ್ಷದ ಹಿಂದೆ ನೋಡಿದ್ದನ್ನೇ ನೋಡುತ್ತಿದ್ದೇನೆ ಎಂದು ಗೊತ್ತಿದ್ದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ದಾಖಲಿಸುವ ಕಡೆಗೇ ಹೋಗಬೇಕೆಂದು ತೀರ್ಮಾನಿಸಿದ್ದೇನೆ. ಗೇಟ್‌ಗೆ ಓದುತ್ತ, ಜೊತೆಗೆ ಲ್ಯಾಬುಗಳಿಗೆ ಪ್ರಾಜೆಕ್ಟ್ ಕೆಲಸಕ್ಕಾಗಿ ಬರೆಯುವ ಯೋಚನೆ ಇದೆ. ಈಗ ಉಳಿದಿರುವುದು ಒಂದೇ ಪ್ರಶ್ನೆ: ಪರಿಚಯವೇ ಇಲ್ಲದ ಪ್ರಾಧ್ಯಾಪಕರಿಗೆ ಮೇಲ್ ಬರೆಯುವಾಗ ನನ್ನ ಬಗ್ಗೆ ಏನು ಹೇಳಿಕೊಳ್ಳಲಿ? ಬಿ.ಇ.ಯಲ್ಲಿ ನನಗಿರುವುದು ಶೇಕಡಾ 68. ಪ್ರಕಟವಾದ ಲೇಖನ ಒಂದೂ ಇಲ್ಲ.

ಉತ್ತರ 5 (ಬೆಂಗಳೂರಿನ ಸಂಶೋಧನಾರ್ಥಿ)

"ಬಾಲ್ಯದಿಂದಲೂ ಮಿದುಳಿನ ಬಗ್ಗೆ ಕುತೂಹಲ" ಎಂದು ಆರಂಭವಾಗುವ ಮೇಲ್‌ಗಳು ನಮ್ಮ ಪ್ರೊಫೆಸರರಿಗೆ ದಿನಕ್ಕೆ ಹತ್ತಾರು ಬರುತ್ತವೆ, ಅವರು ಮೊದಲ ಸಾಲಿನಲ್ಲೇ ಮುಚ್ಚುತ್ತಾರೆ. ನೀವು ಮೂರು ಪ್ಯಾರಾ ಸಾಕು ಎಂದುಕೊಂಡು ಬರೆಯಿರಿ. ಮೊದಲನೆಯದರಲ್ಲಿ ಆಟೋಕ್ಲೇವ್ ಮತ್ತು ಅರ್ಥಿಂಗ್ ಕಥೆಯನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿ. ಎರಡನೆಯದರಲ್ಲಿ ಕಣ್ಣು ಮುಚ್ಚಿದ, ತೆರೆದ ಸ್ಪೆಕ್ಟ್ರಮ್‌ಗಳ ಒಂದೇ ಚಿತ್ರವನ್ನು ಅಂಟಿಸಿ. ಆ 50 ಹರ್ಟ್ಜ್ ಗುಂಡಿ ಮತ್ತು 60 ಹರ್ಟ್ಜ್ ಕಂಬವನ್ನು ಅಳಿಸದೆ ಹಾಗೆಯೇ ಬಿಟ್ಟು, ಏನಾಯಿತೆಂದು ಕೆಳಗೆ ಒಂದು ಸಾಲಿನಲ್ಲಿ ಬರೆಯಿರಿ. ಅಲೆ ಕಾಣದ ಒಬ್ಬಿಬ್ಬರ ಗ್ರಾಫನ್ನೂ ಸೇರಿಸಿ, ಚೆನ್ನಾಗಿ ಬಂದವರನ್ನು ಮಾತ್ರ ಆರಿಸಬೇಡಿ. ಮೂರನೆಯದರಲ್ಲಿ ಅವರ ಇತ್ತೀಚಿನ ಒಂದು ಲೇಖನವನ್ನು ನಿಜವಾಗಿಯೂ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಅಂಶವನ್ನು ಕೇಳಿ. ಶೇಕಡಾವಾರು ಅಂಕ ರೆಸ್ಯೂಮೆಯಲ್ಲಿ ಇದ್ದೇ ಇರುತ್ತದೆ, ಮೇಲ್‌ನಲ್ಲಿ ಅದಕ್ಕಾಗಿ ಕ್ಷಮೆ ಕೇಳುವ ಅಗತ್ಯವಿಲ್ಲ. ಹತ್ತು ಮಂದಿಗೆ ಬರೆದರೆ ಎಂಟು ಜನ ಉತ್ತರಿಸುವುದಿಲ್ಲ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಮೂರನೆಯ ಬಾರಿ ಬೇಡ.

ಕಳಿಸುವ ಮೊದಲು ಕರಡನ್ನು ಇಲ್ಲಿ ಹಾಕಿದರೆ ನಾನು ಓದಿ ಹೇಳುತ್ತೇನೆ.